ಫ್ರಾನ್ಸ್‌ನ ಸಮಕಾಲೀನ ಕಲಾವಿದರ ಗುಂಪು ಪ್ರದರ್ಶನ: ಗೋಡೆಗೆ ಮೊಳೆ ಹೊಡೆಯುವ ಮುಂಚೆ, ಹೊಡೆದ ಮೇಲೆ

ಗುಂಪು ಪ್ರದರ್ಶನ ಕೆಡುವುದು ಹೆಚ್ಚಾಗಿ ನೆರೆಹೊರೆಯಿಂದ. ಒಬ್ಬರ ವಿಡಿಯೊ ಸದ್ದು ಪಕ್ಕದ ಚಿತ್ರವನ್ನು ನೋಡಗೊಡುವುದಿಲ್ಲ. ಪ್ಯಾರಿಸ್‌ನಲ್ಲಿ 2000ದಲ್ಲಿ ಶುರುವಾದ, ಸಮಕಾಲೀನ ಕಲಾವಿದರಿಗೆ ಕೊಡುವ ಮಾರ್ಸೆಲ್ ದ್ಯುಶಾಂ ಪ್ರಶಸ್ತಿಗೆ ಮೊದಲು ಗೆದ್ದವರ ಏಕವ್ಯಕ್ತಿ ಪ್ರದರ್ಶನ ನಡೆಯುತ್ತಿತ್ತು. 2016ರಿಂದ ಅಂತಿಮ ಪಟ್ಟಿಯ ನಾಲ್ವರೂ ಒಟ್ಟಿಗೆ ತೋರಿಸುತ್ತಾರೆ. ಅಲ್ಲಿನಂತೆ ಒಬ್ಬೊಬ್ಬರಿಗೂ ಬೇರೆ ಜಾಗ ಕೊಡಲಾದರೆ ಅರ್ಧ ತಲೆನೋವು ಹೋಯಿತು. ಆಗದಿದ್ದರೆ ಮೊದಲು ಸದ್ದಿನ ಕೃತಿಗಳಿಗೆ ಮೂಲೆ ಹುಡುಕಿ, ಆಮೇಲೆ ಕತ್ತಲು ಬೇಕಾದವಕ್ಕೆ, ಕೊನೆಗೆ ಚಿತ್ರಗಳಿಗೆ. ವಿಡಿಯೊ ಕೋಣೆಗೆ ಒಂದೇ ಪರದೆ ಸಾಲದು: ಯಾರಾದರೂ ಸರಿಸಿದಾಗಲೆಲ್ಲ ಬೆಳಕು ನುಗ್ಗುತ್ತದೆ. ದಾರಿಯನ್ನು ಒಂದು ಸಲ ತಿರುಗಿಸಿ, ಒಳಗೋಡೆಗೆ ಕಪ್ಪು ಬಳಿಯಿರಿ. ಓಡಾಟದ ದಾರಿ 140 ಸೆಂ.ಮೀ. ಬಿಡಿ, ಗಾಲಿಕುರ್ಚಿ ಸಲೀಸಾಗಿ ಸಾಗಬೇಕು.

ಕೃತಿ ತುಂಬಿದ ಪೆಟ್ಟಿಗೆ, ಅಂದರೆ ಕ್ರೇಟ್, ಬಂದ ಕೂಡಲೇ ಬಿಚ್ಚಬೇಡಿ. ಪ್ರದರ್ಶನದ ಕೋಣೆಯಲ್ಲೇ 24 ಗಂಟೆ ಇರಲಿ. ತಣ್ಣಗಿನ ಲಾರಿಯಿಂದ ಬಂದದ್ದನ್ನು ತಕ್ಷಣ ತೆರೆದರೆ ಗಾಜಿನ ಒಳಗೆ ಹನಿ ಕಟ್ಟುತ್ತದೆ. ಬಿಚ್ಚಿದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಬಿರುಕು, ತಗ್ಗು ಎಲ್ಲವನ್ನೂ ಬರೆದಿಡಿ. ಫ್ರೆಂಚರು ಇದನ್ನು 'ಕೋನ್‌ಸ್ತಾ ದೆತಾ' ಎನ್ನುತ್ತಾರೆ. ವಿಮೆಯ ಜಗಳವಾದರೆ ಕೈಹಿಡಿಯುವುದು ಈ ಹಾಳೆಯೇ. ವಿಮೆಯೂ 'ಮೊಳೆಯಿಂದ ಮೊಳೆಗೆ' ಇರಲಿ, ಅಂದರೆ ಕಲಾವಿದರ ಗೋಡೆಯಿಂದ ಹೊರಟು ಅಲ್ಲಿಗೇ ಮರಳುವ ತನಕ. ಅಕ್ರಿಲಿಕ್ ಚಿತ್ರಕ್ಕೆ ಬಬಲ್ ರ‍್ಯಾಪ್ ನೇರವಾಗಿ ತಾಗಿದ್ದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಅಚ್ಚಾಗಿರಬಹುದು. ಅದನ್ನೂ ಆಗಲೇ ನಮೂದಿಸಿ.

ಕೆಲವರ ಕೃತಿ ಕ್ರೇಟಿನಲ್ಲಿ ಬರುವುದೇ ಇಲ್ಲ. ಫ್ರೆಂಚ್ ಕಲಾವಿದ ಡ್ಯಾನಿಯೆಲ್ ಬ್ಯುರೆನ್ ಅವರ ಪಟ್ಟೆಗಳ ಕೃತಿಗಳು ಹೆಚ್ಚಾಗಿ ಆಯಾ ಜಾಗದಲ್ಲೇ ಹುಟ್ಟುವಂಥವು. ಪ್ರತಿ ಪಟ್ಟೆ 8.7 ಸೆಂ.ಮೀ. ಅಗಲ. ಗೋಡೆಗೆ ಹೊಂದಲಿ ಎಂದು 8.5 ಮಾಡಿದಿರೋ, ಅದು ಬ್ಯುರೆನ್ ಅಲ್ಲ, ವಾಲ್‌ಪೇಪರ್.

ತೂಗುಹಾಕಲು ಚಿತ್ರದ ನಡುಮಧ್ಯವನ್ನು ನೆಲದಿಂದ 155 ಸೆಂ.ಮೀ.ಗೆ ನಿಲ್ಲಿಸಿ. ಫ್ರೇಮ್ 90 ಸೆಂ.ಮೀ. ಎತ್ತರವಿದ್ದು, ಹಿಂಬದಿಯ ತಂತಿಯನ್ನು ಮೇಲಕ್ಕೆ ಎಳೆದಾಗ ಅದರ ತುದಿ ಮೇಲಂಚಿನಿಂದ 12 ಸೆಂ.ಮೀ. ಕೆಳಗಿದ್ದರೆ, 155 + 45 − 12: ಮೊಳೆ 188ಕ್ಕೆ. ತಂತಿಯನ್ನು ಎಳೆಯದೆ ಅಳೆಯುವುದೇ ಎಲ್ಲರೂ ಮಾಡುವ ತಪ್ಪು. ಚಿತ್ರ ಎರಡು ಮೂರು ಸೆಂ.ಮೀ. ಕೆಳಗಿಳಿದುಬಿಡುತ್ತದೆ. ಒಂಟಿ ಮೊಳೆಯಲ್ಲಿ ಫ್ರೇಮ್ ವಾಲುತ್ತದೆ, ಎರಡು ಹೊಡೆಯಿರಿ; ರಸಮಟ್ಟ ಇಟ್ಟು ನೋಡಿ. ಬೆಳಕು ಕಾಗದ ಮತ್ತು ಬಣ್ಣದ ಫೋಟೊಗಳಿಗೆ 50 ಲಕ್ಸ್, ತೈಲವರ್ಣಕ್ಕೆ 150ರಿಂದ 200. ಬಿಸಿಲಿನಿಂದ ನೇರ 50 ಲಕ್ಸ್ ಕೋಣೆಗೆ ಬಂದವರಿಗೆ ಎಲ್ಲವೂ ಮಂಕು. ನಡುವೆ ಮಧ್ಯಮ ಬೆಳಕಿನ ಜಾಗವೊಂದಿರಲಿ, ದೀಪ ಹೆಚ್ಚಿಸಬೇಡಿ.

ಕೃತಿಯ ಪಕ್ಕದ ಚೀಟಿಯಲ್ಲಿ ಹೆಸರು, ಹುಟ್ಟಿದ ವರ್ಷ, ಊರು, 'ಈಗ ಇಲ್ಲಿ ನೆಲೆಸಿದ್ದಾರೆ', ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ (ಎತ್ತರ ಮೊದಲು, ಅಗಲ ಆಮೇಲೆ). ಎಲ್ಲರಿಗೂ 'ಫ್ರೆಂಚ್ ಕಲಾವಿದ' ಎಂದು ಬರೆದುಬಿಡಬೇಡಿ. 2020ರಲ್ಲಿ ದ್ಯುಶಾಂ ಪ್ರಶಸ್ತಿ ಪಡೆದ ಕಪ್ವಾನಿ ಕಿವಾಂಗಾ ಹುಟ್ಟಿದ್ದು ಕೆನಡಾದಲ್ಲಿ, 2023ರ ತಾರಿಕ್ ಕಿಸ್ವಾನ್ಸನ್ ಸ್ವೀಡನ್‌ನಲ್ಲಿ. ಇಬ್ಬರ ಕೆಲಸವೂ ಪ್ಯಾರಿಸ್‌ನಲ್ಲಿ.

ಅಂದಹಾಗೆ, ಇದೇ ಪ್ರದರ್ಶನ ಬೆಂಗಳೂರಿಗೆ ಬಂದರೆ ವೋಲ್ಟೇಜ್ ಚಿಂತೆಯಿಲ್ಲ, ಎರಡೂ ಕಡೆ 230. ಆದರೆ ಫ್ರೆಂಚ್ ಪ್ಲಗ್ ನಮ್ಮ ಸಾಕೆಟ್ಟಿಗೆ ಸಡಿಲವಾಗಿ ಕೂರುತ್ತದೆ, ಅರ್ಥಿಂಗ್ ಸಿಗುವುದೇ ಇಲ್ಲ. ಪ್ರೊಜೆಕ್ಟರಿಗೆ ಅರ್ಥಿಂಗ್ ಇರುವ ಅಡಾಪ್ಟರ್ ಹಾಕಿ. ಕ್ರೇಟಿನ ಸ್ಕ್ರೂಗಳನ್ನು ಚೀಲಕ್ಕೆ ತುಂಬಿ, ನಂಬರ್ ಬರೆದು, ಅದೇ ಕ್ರೇಟಿನ ಒಳಗೆ ಅಂಟಿಸಿಡಿ.