ಮಳೆಗಾಲದಲ್ಲಿ ಮನೇಲಿ ಕೂತು ಒಳ್ಳೆ ಸಿನಿಮಾ, ಸೀರಿಯಲ್ ನೋಡೋದು ಹೇಗೆ: ಮಲೆನಾಡಿನವರಿಗೆ ಮಾತ್ರ

ಜೂನ್ ಬಂತು ಅಂದ್ರೆ ಸಾಕು, ವಾಟ್ಸಾಪ್ ಗ್ರೂಪಲ್ಲಿ "ಯಾವ್ದಾದ್ರೂ ಒಳ್ಳೆ ಸಿನಿಮಾ ಇದ್ರೆ ಹೇಳ್ರೋ" ಅಂತ ಶುರುವಾಗುತ್ತೆ, ಯಾರೋ ಒಬ್ಬ ಎಲ್ಲಿಂದಲೋ ನೂರು ಸಿನಿಮಾದ ಲಿಸ್ಟ್ ತಂದು ಹಾಕ್ತಾನೆ, ಎಲ್ರೂ ಥಂಬ್ಸಪ್ ಒತ್ತುತ್ತಾರೆ, ಅಲ್ಲಿಗೆ ಮುಗೀತು. ರಾತ್ರಿ ಊಟ ಆಗಿ ಟಿವಿ ಮುಂದೆ ಕೂತ್ರೆ ಅರ್ಧ ಗಂಟೆ ರಿಮೋಟ್ ಒತ್ತಿ ಒತ್ತಿ ಕೊನೆಗೆ ಯಾವ್ದೋ ಕಾಮಿಡಿ ಕ್ಲಿಪ್ ನೋಡಿ ಮಲಗೋದೇ ಆಯ್ತು. ಲಿಸ್ಟಿಂದ ಏನೂ ಆಗಲ್ಲ ಮಾರಾಯ್ರೇ. ನಮ್ಮ ಕಡೆ ಸಿನಿಮಾ ಆರಿಸ್ಬೇಕಾದ್ರೆ ಮೊದಲು ನೋಡ್ಬೇಕಾದ್ದು ಮಾಡಿನ ಮೇಲೆ ಮಳೆ ಎಷ್ಟು ಜೋರಿದೆ, ಕೈಯಲ್ಲಿ ಕೆಲಸ ಇದ್ಯಾ, ಪಕ್ಕದಲ್ಲಿ ಯಾರು ಕೂತಿದಾರೆ, ಇಷ್ಟೇ. ಸ್ಟಾರ್ ರೇಟಿಂಗ್ ಎಲ್ಲಾ ಆಮೇಲೆ.

ಮೊದಲು ಕರೆಂಟು ಮತ್ತು ನೆಟ್ವರ್ಕ್ ಕಥೆ. ಶಿವಮೊಗ್ಗ ಪೇಟೇಲಿ ಫೈಬರ್ ಹಾಕಿಸ್ಕೊಂಡು ಆರಾಮಾಗಿರೋರು ಇದನ್ನ ಬಿಟ್ಟು ಮುಂದೆ ಹೋಗಿ, ಇದು ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಒಂದು ಕಡ್ಡಿ ಟವರ್ ಹಿಡ್ಕೊಂಡು ಬದುಕ್ತಿರೋರಿಗೆ. ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದ್ರೆ ಹತ್ತತ್ರ 3 ಜಿಬಿವರೆಗೂ ಹೋಗ್ಬಹುದು, ಅದೇ ಮೀಡಿಯಂ ಕ್ವಾಲಿಟಿಗೆ ಇಳಿಸಿದ್ರೆ ಒಂದು ಜಿಬಿಯೊಳಗೇ ಮುಗಿಯುತ್ತೆ, ಹಳೇ ಕಪ್ಪು ಬಿಳುಪು ಸಿನಿಮಾಕ್ಕೆ 32 ಇಂಚಿನ ಟಿವಿಯಲ್ಲಿ ಮೀಡಿಯಂ ಧಾರಾಳ ಆಯ್ತು. ಪೇಟೆಗೆ ಹೋದಾಗ ನೆಂಟರ ಮನೆ ವೈಫೈಯಲ್ಲಿ ಫೋನಿಗೋ ಟ್ಯಾಬಿಗೋ ಡೌನ್‌ಲೋಡ್ ಮಾಡ್ಕೊಂಡು ಬಂದುಬಿಡಿ. ಆದ್ರೆ ಡೌನ್‌ಲೋಡ್ ಮಾಡಿದ್ದಕ್ಕೂ ವಾಯಿದೆ ಇರುತ್ತೆ, ಕೆಲವು ಆಪಲ್ಲಿ ಒಂದ್ಸಲ ಪ್ಲೇ ಒತ್ತಿದ ಮೇಲೆ ಎರಡು ದಿನದಲ್ಲಿ ಅದು ಸತ್ತೋಗುತ್ತೆ, ಹಾಗಾಗಿ "ಹೇಗೆ ಬಂದಿದೆ ನೋಡಣ" ಅಂತ ಐದು ನಿಮಿಷ ನೋಡಿ ಇಡ್ಬೇಡಿ. ಫೋನಿಂದ ಟಿವಿಗೆ ಕೇಬಲ್ ಹಾಕ್ತೀನಿ ಅನ್ನೋರು ಒಂದು ತಿಳ್ಕೊಳಿ, ಎಲ್ಲಾ ಫೋನಲ್ಲೂ ಅದು ಆಗಲ್ಲ, ಅಂಗಡಿಯಲ್ಲೇ ನಿಮ್ಮ ಫೋನ್ ಚುಚ್ಚಿ ನೋಡಿ ಆಮೇಲೆ ದುಡ್ಡು ಕೊಡಿ.

ಕರೆಂಟ್ ಬಗ್ಗೆ ಜಾಸ್ತಿ ಹೇಳೋದೇನಿದೆ, ಎಲ್ಲೋ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಲೈನ್‌ಮ್ಯಾನ್ ಬರೋತನಕ ಕಾಯೋದೇ. 32 ಇಂಚಿನ ಎಲ್‌ಇಡಿ ಟಿವಿ ಎಳೆಯೋದು 50 ವ್ಯಾಟ್ ಆಸುಪಾಸು, ಮನೆ ಯುಪಿಎಸ್‌ಗೆ ಅದೇನೂ ಭಾರ ಅಲ್ಲ, ಆದ್ರೆ ಟಿವಿ ಯುಪಿಎಸ್ ಲೈನಲ್ಲಿದ್ದು ವೈಫೈ ರೂಟರ್ ಮಾತ್ರ ಬೇರೆ ಪ್ಲಗ್ಗಲ್ಲಿ ಇರುತ್ತೆ, ಕರೆಂಟ್ ಹೋದ ಕೂಡ್ಲೆ ಟಿವಿಯಲ್ಲಿ ಚಕ್ರ ತಿರುಗ್ತಾ ಕೂರುತ್ತೆ. ರೂಟರಿಗೆ ಅಂತಲೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತೆ, ಅದೊಂದು ತಗೊಳಿ. ಗುಡುಗು ಸಿಡಿಲು ಬರೋ ಹಾಗೆ ಕಂಡ್ರೆ ಅದು ಶುರುವಾಗೋ ಮುಂಚೆಯೇ, ಕ್ಲೈಮ್ಯಾಕ್ಸ್ ಆದ್ರೂ ಸರಿ, ಆಫ್ ಮಾಡಿ ಪ್ಲಗ್ ಕಿತ್ತಿಡಿ, ಡಿಶ್ ಕೇಬಲ್ ಮತ್ತೆ ನೆಟ್ ಕೇಬಲ್ ಕೂಡ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಿಡಿಲಿಗೆ ಅದೇನು ಲೆಕ್ಕಕ್ಕಿಲ್ಲ, ಮೇ ತಿಂಗಳ ಅಡ್ಡಮಳೆಗೆ ಟಿವಿ ಬೋರ್ಡ್ ಸುಟ್ಕೊಂಡೋರನ್ನ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.

ಇನ್ನು ಸೌಂಡು. ಹಂಚಿನ ಮನೆಯಾದ್ರೆ ಪರ್ವಾಗಿಲ್ಲ, ಮುಂದೆ ಜಿಂಕ್ ಶೀಟ್ ಇಳಿಸಿದೀರಾ ಅಂದ್ರೆ ಆರಿದ್ರಾ ಮಳೆ ಹೊಡೆಯೋವಾಗ ಡೈಲಾಗ್ ಒಂದೂ ಕೇಳಲ್ಲ, ವಾಲ್ಯೂಮ್ ಏರಿಸಿದ್ರೆ ಮ್ಯೂಸಿಕ್ ಬಂದಾಗ ಕಿವಿ ಹರಿಯುತ್ತೆ. ಇದಕ್ಕೆ ಕಾರಣ ಏನಂದ್ರೆ ಹೊಸ ಸಿನಿಮಾಗಳಲ್ಲಿ ಮಾತು ನಡುವಿನ ಸ್ಪೀಕರಿಂದ ಬರೋ ಹಾಗೆ 5.1ರಲ್ಲಿ, ಅಂದ್ರೆ ಆರು ಸ್ಪೀಕರಿನ ಲೆಕ್ಕದಲ್ಲಿ, ಮಿಕ್ಸ್ ಮಾಡಿರ್ತಾರೆ, ನಮ್ಮ ಟಿವಿಯಲ್ಲಿ ಇರೋದೇ ಎರಡು ಸ್ಪೀಕರ್, ಅದೂ ಹಿಂದಕ್ಕೆ ಮುಖ ಮಾಡ್ಕೊಂಡು. ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ಇದ್ರೆ ಅದನ್ನ ಹಾಕಿ, ಟಿವಿ ಸೆಟ್ಟಿಂಗ್ಸಲ್ಲಿ ಕ್ಲಿಯರ್ ವಾಯ್ಸ್ ಅಂತಲೋ ನೈಟ್ ಮೋಡ್ ಅಂತಲೋ ಇರುತ್ತೆ, ಅದನ್ನ ಆನ್ ಮಾಡಿ. ಸಬ್‌ಟೈಟಲ್ ಹಾಕ್ಕೊಳಿ, ಕನ್ನಡ ಸಿನಿಮಾಕ್ಕೂ ಹಾಕ್ಕೊಳಿ, ಅದ್ರಲ್ಲಿ ನಾಚಿಕೆ ಏನಿಲ್ಲ.

ಪಿಕ್ಚರ್ ಸೆಟ್ಟಿಂಗಲ್ಲಿ ಎರಡೇ ಎರಡು ಕೆಲಸ. ಹೊಸ ಟಿವಿಗಳಲ್ಲಿ ಸಾಮಾನ್ಯವಾಗಿ ಹೆಸರಲ್ಲಿ ಮೋಷನ್ ಅಂತ ಇರೋ ಒಂದು ಆಯ್ಕೆ ಇರುತ್ತೆ, ಒಂದೊಂದು ಕಂಪನಿಯವರು ಒಂದೊಂದು ಹೆಸರಿಟ್ಟಿದಾರೆ, ಅದನ್ನ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮಲ್ಲಿ ತೆಗ್ದಿರ್ತಾರೆ, ಟಿವಿ ಮಧ್ಯದಲ್ಲಿ ತಾನೇ ಸುಳ್ಳು ಫ್ರೇಮ್ ಸೇರಿಸುತ್ತೆ, ಆಗ ಎಂಥಾ ಸಿನಿಮಾನೂ ಮದುವೆ ವಿಡಿಯೋ ಥರ ಕಾಣುತ್ತೆ. ಇನ್ನೊಂದು, ಹಳೇ ಸಿನಿಮಾ ನೋಡುವಾಗ ಎರಡೂ ಪಕ್ಕ ಕಪ್ಪು ಪಟ್ಟಿ ಬಂದ್ರೆ ಬರ್ಲಿ ಬಿಡಿ. ಪರದೆ ತುಂಬ್ಲಿ ಅಂತ ಎಳೆದ್ರೆ ಕಲ್ಪನಾ ಮುಖ ಕುಂಬಳಕಾಯಿ ಆಗುತ್ತೆ. ಯೂಟ್ಯೂಬಲ್ಲಿ ಕೆಲವರು ಮೇಲೆ ಕೆಳಗೆ ಕತ್ತರಿಸಿ ಅಪ್‌ಲೋಡ್ ಮಾಡಿರ್ತಾರೆ, ತಲೆ ಕತ್ತರಿಸಿರೋದು ಕಂಡ್ರೆ ಬೇರೆ ಪ್ರಿಂಟ್ ಹುಡುಕಿ. ಹುಡುಕೋವಾಗ ಹೆಸರಿನ ಜೊತೆ ಇಸವಿ ಮತ್ತೆ ಡೈರೆಕ್ಟರ್ ಹೆಸರು ಹಾಕಿ, ಒಂದೇ ಹೆಸರಲ್ಲಿ ಮೂರು ಸಿನಿಮಾ ಇರುತ್ತೆ ನಮ್ಮಲ್ಲಿ.

ಸರಿ, ನೋಡೋದೇನು? ದೂರ ಹೋಗ್ಬೇಡಿ, ಮನೆಯಿಂದಲೇ ಶುರು ಮಾಡಿ. ಸೀರಿಯಸ್ ಸಿನಿಮಾ ಅಭ್ಯಾಸ ಇಲ್ದೇ ಇರೋರಿಗೆ ನಾನು ಮೊದಲು ಹೇಳೋದು ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್. ಆಗುಂಬೆಯಲ್ಲಿ ತೆಗ್ದಿದ್ದು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಭಾಷೆ ಹಿಂದಿ ಆದ್ರೂ ಮನೆ, ಜಗಲಿ, ಮಳೆ ಎಲ್ಲಾ ನಮ್ಮದೇ, ಅಜ್ಜಿಗೂ ಅರ್ಥ ಆಗುತ್ತೆ. ಒಂದೊಂದು ಎಪಿಸೋಡೂ ಚಿಕ್ಕದು, ಕರೆಂಟ್ ಹೋಗೋದ್ರೊಳಗೆ ಒಂದು ಕಥೆ ಮುಗಿದಿರುತ್ತೆ. ನೋಡಿದ ಮೇಲೆ ಮಕ್ಕಳನ್ನ ಅರಸಾಳು ರೈಲ್ವೆ ಸ್ಟೇಷನ್ನಿಗೆ ಕರ್ಕೊಂಡು ಹೋಗಿ, ಅಲ್ಲಿ ಹಳೇ ಸ್ಟೇಷನ್ ಕಟ್ಟಡವನ್ನೇ ಮಾಲ್ಗುಡಿ ಮ್ಯೂಸಿಯಂ ಮಾಡಿದಾರೆ.

ಆಮೇಲೆ ದ್ವೀಪ. ಇದನ್ನ ಮಳೆಗಾಲದಲ್ಲೇ ನೋಡ್ಬೇಕು, ಬೇಸಿಗೆಗೆ ಇಡ್ಬೇಡಿ. ಸಾಗರದ ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ಡೈರೆಕ್ಷನ್, 2002ರದ್ದು, ಸೌಂದರ್ಯ ಅವರೇ ದುಡ್ಡು ಹಾಕಿ ಪಾರ್ಟೂ ಮಾಡಿದ್ದು. ಡ್ಯಾಮಿನ ನೀರು ಏರ್ತಾ ಇದೆ, ಊರೋರೆಲ್ಲಾ ಪರಿಹಾರ ಇಸ್ಕೊಂಡು ಹೊರಟ್ರು, ಒಂದು ಮನೆ ಮಾತ್ರ ಗುಡ್ಡದ ಮೇಲೆ ಉಳ್ಕೊಂಡಿದೆ. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಶರಾವತಿ ಕಣಿವೆಯಲ್ಲಿ ಮನೆಮಠ ಕಳ್ಕೊಂಡೋರ ಮಕ್ಕಳು ಮೊಮ್ಮಕ್ಕಳು ನಮ್ಮ ಸುತ್ತ ಎಷ್ಟು ಜನ ಇಲ್ಲ, ಅಂಥೋರು ಪಕ್ಕದಲ್ಲಿ ಕೂತಿದ್ರೆ ಸಿನಿಮಾ ಅರ್ಧಕ್ಕೆ ನಿಲ್ಲಿಸಿ ಅವರ ಮಾತು ಕೇಳ್ಬೇಕಾಗುತ್ತೆ, ನಿಲ್ಲಿಸಿ, ಏನೂ ನಷ್ಟ ಇಲ್ಲ. ಸೌಂದರ್ಯ ಅವರ ಪಾತ್ರ ನಾಗಿ ಮಾಡೋ ಕೆಲಸಗಳನ್ನ ಗಮನ ಇಟ್ಟು ನೋಡಿ, ಬೆಂಕಿ ಉಳಿಸ್ಕೊಳ್ಳೋದು, ಮನೆ ಕಾಯೋದು, ಗಂಡನ ಮುಖ ನೋಡಿ ಮಾತು ನುಂಗೋದು. ಇಡೀ ಕಥೆ ಅಲ್ಲೇ ಇದೆ, ಡೈಲಾಗಲ್ಲಿ ಅಲ್ಲ. ಹೊರಗಡೆ ಸುರಿಯೋ ಮಳೆಗೂ ಒಳಗಡೆ ಟಿವಿ ಮಳೆಗೂ ವ್ಯತ್ಯಾಸ ಗೊತ್ತಾಗಲ್ಲ, ಇದೊಂದು ಸಿನಿಮಾಕ್ಕೆ ಜಿಂಕ್ ಶೀಟ್ ಇದ್ರೇ ಚೆಂದ.

ಘಟಶ್ರಾದ್ಧ 1977ರದ್ದು, ಸಂಸ್ಕಾರ 1970ರದ್ದು, ಎರಡಕ್ಕೂ ಅನಂತಮೂರ್ತಿಯವರ ಕಥೆ, ಎರಡೂ ಕಪ್ಪು ಬಿಳುಪು, ಎರಡಕ್ಕೂ ದೇಶದ ಅತ್ಯುತ್ತಮ ಸಿನಿಮಾ ಪ್ರಶಸ್ತಿ ಬಂದಿದೆ. ಸಂಸ್ಕಾರ ನೋಡೋಕೆ ಮುಂಚೆ ಕಾದಂಬರಿ ಓದಿದ್ರೆ ಒಳ್ಳೇದು, ಅದು ವಾದದ ಸಿನಿಮಾ, ಸುಸ್ತಾದ ದಿನ ನೋಡೋದಲ್ಲ. ಘಟಶ್ರಾದ್ಧಕ್ಕೆ ಏನೂ ಓದ್ಬೇಕಿಲ್ಲ, ಒಬ್ಬ ಸಣ್ಣ ಹುಡುಗ ನೋಡಿದ್ದನ್ನ ನಾವೂ ನೋಡ್ತೀವಿ ಅಷ್ಟೇ, ಆದ್ರೆ ಮೊದಲ ಇಪ್ಪತ್ತು ನಿಮಿಷ ಫೋನ್ ಬೇರೆ ರೂಮಲ್ಲಿಡಿ. ನಿಧಾನದ ಸಿನಿಮಾ ಕೆಟ್ಟದಾಗೋದು ಪಕ್ಕದಲ್ಲಿ ಫೋನ್ ಇದ್ದಾಗ ಮಾತ್ರ ಅನ್ನೋದು ನನ್ನ ಅಭಿಪ್ರಾಯ. ಘಟಶ್ರಾದ್ಧವನ್ನ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಫೆಸ್ಟಿವಲಲ್ಲಿ ತೋರ್ಸಿದಾರೆ, ಆ ಪ್ರಿಂಟು ಎಲ್ಲಾದ್ರೂ ಸಿಕ್ರೆ ಮಸುಕು ಮಸುಕು ಯೂಟ್ಯೂಬ್ ಕಾಪಿ ಮುಟ್ಟಲೇಬೇಡಿ.

ಅಮ್ಮ, ದೊಡ್ಡಮ್ಮ, ಅತ್ತೆ ಎಲ್ಲಾ ಸೇರಿದಾರೆ ಅಂದ್ರೆ ಇದ್ಯಾವ್ದೂ ಬೇಡ, ಸೀದಾ ಪುಟ್ಟಣ್ಣ ಕಣಗಾಲ್. ಗೆಜ್ಜೆಪೂಜೆ 1969, ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ ಕಾದಂಬರಿ. ಶರಪಂಜರ 1971, ತ್ರಿವೇಣಿ ಅವರದ್ದು. ಹಾಡು ಬಂದಾಗ ಮುಂದೆ ಓಡಿಸ್ಬೇಡಿ, ಪುಟ್ಟಣ್ಣ ಕಥೆಯ ಅರ್ಧ ಹಾಡಲ್ಲೇ ಹೇಳ್ತಾರೆ, ಮತ್ತೆ ನೀವು ಓಡಿಸಿದ್ರೆ ದೊಡ್ಡಮ್ಮ ರಿಮೋಟ್ ಕಿತ್ಕೊಳ್ತಾರೆ.

ಹೊಸದ್ರಲ್ಲಿ ಗೋಧಿ ಬಣ್ಣ ಸಾಧಾರಣ ಮೈಕಟ್ಟು ಎಲ್ರೂ ಕೂತು ನೋಡ್ಬಹುದು, ಆದ್ರೆ ಮನೇಲಿ ಮರೆವಿನ ಕಾಯಿಲೆ ಇರೋ ಹಿರಿಯರಿದ್ರೆ ಮೊದಲು ನೀವೊಬ್ರೇ ನೋಡಿ, ಅನಂತ್‌ನಾಗ್ ಅವರು ಅಷ್ಟು ನಿಜ ಮಾಡಿಬಿಟ್ಟಿದಾರೆ. ನಾತಿಚರಾಮಿ ಒಳ್ಳೆ ಸಿನಿಮಾ, ಮಾವನ ಪಕ್ಕ ಕೂತು ನೋಡೋದಲ್ಲ. ಪೃಥ್ವಿ ಕೊಣನೂರು ಅವರ ಹದಿನೇಳೆಂಟು ಮಾತ್ರ ಕಾಲೇಜಿಗೆ ಹೋಗೋ ಮಕ್ಕಳಿರೋ ಮನೆಯೋರು ಮುಜುಗರ ಆದ್ರೂ ನೋಡ್ಲೇಬೇಕು, ಒಂದು ವಿಡಿಯೋ ಹೊರಗೆ ಬಿದ್ದ ಮೇಲೆ ಒಂದೇ ತಪ್ಪಿಗೆ ಇಬ್ಬರ ಮನೆಗೂ ಒಂದೇ ಥರ ಏಟು ಬೀಳಲ್ಲ ಅನ್ನೋದನ್ನ ತೋರ್ಸುತ್ತೆ. ಸಪ್ತ ಸಾಗರದಾಚೆ ಎಲ್ಲೋ ಎರಡು ಭಾಗ, ಎರಡೂ 2023ರಲ್ಲೇ ಬಂದಿದ್ದು, ಒಂದೇ ರಾತ್ರಿ ಎರಡೂ ನೋಡಿದ್ರೆ ಮಾರನೇ ದಿನ ತೋಟಕ್ಕೆ ಹೋಗೋ ಮನಸ್ಸಿರಲ್ಲ, ಮಧ್ಯ ಒಂದು ವಾರ ಬಿಡಿ.

ಬೇರೆ ಭಾಷೆಯ ಸಿನಿಮಾ ನಮಗೆ ಹಿಡಿಸಲ್ಲ ಅನ್ನೋರಿಗೆ ಒಂದೇ ಮಾತು, ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣ ಅವರು ನೀನಾಸಂ ಕಡೆಯಿಂದ ಹಳ್ಳಿಯವರ ಮುಂದೆ ಪಥೇರ್ ಪಾಂಚಾಲಿಯಂಥ ಸಿನಿಮಾ ತೋರ್ಸಿದ್ದು ಮೊಬೈಲ್ ಅಂದ್ರೆ ಏನು ಅಂತ ಗೊತ್ತಿಲ್ದೇ ಇದ್ದ ಕಾಲದಲ್ಲಿ. ಈಗ ರಿಮೋಟ್ ಕೈಯಲ್ಲಿದೆ, ಓದಿಕೊಂಡಿದೀವಿ, ನಮಗೇನು ಕಷ್ಟ? ಜಪಾನಿನ ಡೈರೆಕ್ಟರ್ ಓಝು ಅವರ ಟೋಕಿಯೋ ಸ್ಟೋರಿ 1953ರದ್ದು, 136 ನಿಮಿಷ, ಊರಿಂದ ಅಪ್ಪ ಅಮ್ಮ ಮಕ್ಕಳನ್ನ ನೋಡೋಕೆ ಪೇಟೆಗೆ ಬರ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಮಗ ಬೆಂಗಳೂರಲ್ಲಿರೋ ಯಾವ ಮನೇಲಾದ್ರೂ ಇದಕ್ಕೆ ವಿವರಣೆ ಬೇಕಾ ಹೇಳಿ. ಸಬ್‌ಟೈಟಲ್ ಓದೋಕೆ ಆಗದ ಹಿರಿಯರಿದ್ರೆ ಶುರುವಿಗೆ ಕಥೆ ಎರಡು ನಿಮಿಷ ಹೇಳಿಬಿಡಿ, ಮಧ್ಯೆ ಮಧ್ಯೆ ಒಂದೊಂದು ಸಾಲು ಹೇಳ್ತಾ ಹೋಗಿ, ಯಕ್ಷಗಾನ ನೋಡೋರಿಗೆ ಕಥೆ ಮೊದಲೇ ಗೊತ್ತಿರುತ್ತೆ, ಹಂಗಂತ ಯಾರೂ ಎದ್ದು ಹೋಗಲ್ವಲ್ಲ.

ಸೀರೀಸ್ ವಿಷ್ಯಕ್ಕೆ ಬಂದ್ರೆ ಅಡಿಕೆ ಸುಲಿಯೋ ಸೀಸನ್ ಲೆಕ್ಕ ಬೇರೆ. ಮೆಟ್ಟುಗತ್ತಿ ಮುಂದೆ ಕೂತೋರ ಕಣ್ಣು ಅಡಿಕೆ ಮೇಲೇ ಇರ್ಬೇಕು, ಸಬ್‌ಟೈಟಲ್ ಓದ್ತೀನಿ ಅಂತ ತಲೆ ಎತ್ತಿದ್ರೆ ಬೆರಳು ಹೋಗುತ್ತೆ. ಹಾಗಾಗಿ ಆ ರಾತ್ರಿಗಳಿಗೆ ಕಿವಿಯಲ್ಲೇ ನೋಡೋ ಹಂಗಿರೋ ಕನ್ನಡ ಸೀರಿಯಲ್ಲೇ ಆಗ್ಬೇಕು, ಅದಕ್ಕೆ ಟಿ.ಎನ್. ಸೀತಾರಾಮ್ ಅವರನ್ನ ಬಿಟ್ರೆ ಇಲ್ಲ. ಮಾಯಾಮೃಗ ಯೂಟ್ಯೂಬಲ್ಲಿ ಹುಡುಕಿ, ಮಾತೇ ಅದ್ರ ಜೀವಾಳ, ಟಿವಿಗೆ ಬೆನ್ನು ಹಾಕಿ ಕೂತ್ರೂ ಏನಾಗ್ತಿದೆ ಗೊತ್ತಾಗುತ್ತೆ, ಕೋರ್ಟ್ ಸೀನ್ ಬಂದ್ರೆ ಮಾತ್ರ ಎಲ್ರ ಕೈ ನಿಧಾನ ಆಗುತ್ತೆ, ಅದಕ್ಕೆ ಮನೆ ಯಜಮಾನ್ರು ಬೈದ್ರೆ ನಾನು ಜವಾಬ್ದಾರಿ ಅಲ್ಲ. ಭೈರಪ್ಪನವರ ಗೃಹಭಂಗವನ್ನ ಕಾಸರವಳ್ಳಿಯವರು ಸೀರಿಯಲ್ ಮಾಡಿದಾರೆ, ಅದು ಕಣ್ಣಿಟ್ಟು ನೋಡೋ ಜಾತಿ, ಸುಲಿಗೆ ಮುಗಿದ ಮೇಲೆ ಇಟ್ಕೊಳಿ.

ಕೆಲಸ ಇಲ್ಲದ ರಾತ್ರಿಗೆ ಸಣ್ಣ ಸೀರೀಸ್ ಒಳ್ಳೇದು, ಐದಾರು ಎಪಿಸೋಡಲ್ಲಿ ಮುಗಿಯೋದು. ಕನ್ನಡದಲ್ಲಿ ವೆಬ್ ಸೀರೀಸ್ ಈಗೀಗ ಕಣ್ಣು ಬಿಡ್ತಿದೆ, ಏಕಂ ಅಂತ 2024ರಲ್ಲಿ ಬಂತು, ಏಳು ಬೇರೆ ಬೇರೆ ಕಥೆ, ಯಾವ್ದಾದ್ರೂ ಒಂದರಿಂದ ಶುರು ಮಾಡ್ಬಹುದು. ಇಂಗ್ಲಿಷಲ್ಲಿ ಚೆರ್ನೋಬಿಲ್ ಐದು ಎಪಿಸೋಡ್. ಅಡೊಲೆಸೆನ್ಸ್ ನಾಲ್ಕೇ, ಆದ್ರೆ ಅದ್ರ ಒಂದೊಂದು ಎಪಿಸೋಡೂ ಕಟ್ ಇಲ್ದೆ ಒಂದೇ ಶಾಟಲ್ಲಿ ತೆಗ್ದಿರೋದು, ಮಧ್ಯೆ ಬಫರ್ ಆಗಿ ನಿಂತ್ರೆ ಅದ್ರ ಕಥೆ ಅಲ್ಲಿಗೇ ಮುಗೀತು, ಅದನ್ನ ಡೌನ್‌ಲೋಡ್ ಮಾಡ್ಕೊಂಡೇ ನೋಡಿ. ಉದ್ದದ್ದು ಬೇಕು ಅನ್ನೋರಿಗೆ ದಿ ವೈರ್ ಇದೆ, ಐದು ಸೀಸನ್, 60 ಎಪಿಸೋಡ್, ಮೊದಲ ನಾಲ್ಕು ಎಪಿಸೋಡ್ ಯಾರು ಯಾರು ಅಂತಲೇ ಗೊತ್ತಾಗಲ್ಲ, ದಿನಕ್ಕೆ ಒಂದೇ ನೋಡಿ, ಹೆಸರುಗಳನ್ನ ಒಂದು ಚೀಟಿಯಲ್ಲಿ ಬರ್ಕೊಂಡ್ರೂ ತಪ್ಪಿಲ್ಲ.

ಇಷ್ಟಕ್ಕೆಲ್ಲಾ ನಾಲ್ಕು ಓಟಿಟಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಬೇಡಿ. ಒಂದು ತಿಂಗಳಿಗೆ ಒಂದೇ ತಗೊಳಿ, ನೋಡ್ಬೇಕಾದ್ದನ್ನ ಮೊದಲೇ ಬರೆದಿಟ್ಕೊಂಡಿರಿ, ಜಸ್ಟ್‌ವಾಚ್ ಅಂತ ಸೈಟಿದೆ, ಅದ್ರಲ್ಲಿ ಸಿನಿಮಾ ಹೆಸರು ಹಾಕಿದ್ರೆ ಯಾವ ಆಪಲ್ಲಿದೆ ಅಂತ ತೋರ್ಸುತ್ತೆ, ಇವತ್ತು ಇದ್ದಿದ್ದು ಮುಂದಿನ ತಿಂಗಳು ಇರಲ್ಲ, ಹಾಗಾಗಿ ದುಡ್ಡು ಕಟ್ಟೋ ದಿನವೇ ಇನ್ನೊಂದ್ಸಲ ನೋಡ್ಕೊಳಿ. ಆಟೋಪೇ ಅಂತ ಇರುತ್ತಲ್ಲ, ಅದನ್ನ ಅವತ್ತೇ ಆಫ್ ಮಾಡಿ.