ಲಾಂಗ್ಸ್ ಪೀಕ್ ಹತ್ತಬೇಕು ಅಂತಿದ್ದೀರಾ? ಕೀಹೋಲ್ ದಾರಿಗೆ ತಯಾರಿ ಹೀಗೆ

ಡೆನ್ವರ್ ಸುತ್ತಮುತ್ತ ಇರುವ ನಮ್ಮವರು ನನ್ನನ್ನು ತುಂಬಾ ಸಲ ಕೇಳಿದ ಪ್ರಶ್ನೆ ಇದು: "ಕುಮಾರ ಪರ್ವತ ಎರಡು ಸಲ ಹತ್ತಿದ್ದೀನಿ, ಲಾಂಗ್ಸ್ ಪೀಕ್ ಆಗುತ್ತಾ?" ಆಗುತ್ತೆ. ಆದರೆ ಕುಮಾರ ಪರ್ವತದ ಲೆಕ್ಕ ಇಟ್ಟುಕೊಂಡು ಹೊರಡಬೇಡಿ. ಏರುವ ಎತ್ತರವೇನೋ ಹೆಚ್ಚುಕಡಿಮೆ ಅಷ್ಟೇ, ಎರಡೂ ಕಡೆ ಒಂದೂವರೆ ಸಾವಿರ ಮೀಟರ್ ಆಸುಪಾಸು. ಕುಕ್ಕೆಯಲ್ಲಿ ಕಾಡಿನ ಬುಡದಿಂದ ಶುರು ಮಾಡುತ್ತೇವೆ. ಇಲ್ಲಿ ಕಾರು ನಿಲ್ಲಿಸುವ ಜಾಗವೇ 9,405 ಅಡಿ, ಅಂದರೆ 2,867 ಮೀಟರ್. ಮುಳ್ಳಯ್ಯನಗಿರಿ ಹಾಗಿರಲಿ, ದಕ್ಷಿಣ ಭಾರತದಲ್ಲೇ ಎತ್ತರವಾದ ಆನೆಮುಡಿ 2,695 ಮೀಟರ್. ಅದರ ತುದಿಗಿಂತ ಮೇಲೆ ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತೀರಿ, ಅಲ್ಲಿಂದ 14,259 ಅಡಿಗೆ ಹೋಗಬೇಕು.

ಬೆಟ್ಟ ಇರುವುದು ಕೊಲೊರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ. ಹಗ್ಗ ಇಲ್ಲದೆ ಹತ್ತುವವರೆಲ್ಲ ಸಾಮಾನ್ಯವಾಗಿ ಹೋಗುವುದು ಕೀಹೋಲ್ ದಾರಿಯಲ್ಲಿ. ಕೀಹೋಲ್ ಅಂದರೆ ಬೆಟ್ಟದ ಏಣಿನಲ್ಲಿರುವ ಒಂದು ಕಿಂಡಿ. ಹೋಗಿ ಬರಲು ಸುಮಾರು 24 ಕಿಲೋಮೀಟರ್, 10ರಿಂದ 15 ಗಂಟೆ. ಮೊದಲ ಹತ್ತು ಕಿಲೋಮೀಟರ್ ನಡಿಗೆ. ಕೊನೆಯ ಎರಡು ಕಿಲೋಮೀಟರ್ ಬಂಡೆ, ಕೈಕಾಲು ಎರಡೂ ಊರಿಕೊಂಡು ಏರುವ ಬಂಡೆ. ಅದನ್ನೇ ಸ್ಕ್ರ್ಯಾಂಬ್ಲಿಂಗ್ ಅನ್ನುತ್ತಾರೆ. ಹಗ್ಗ ಬೇಕಿಲ್ಲ, ಆದರೆ ಕೆಲವು ಕಡೆ ಜಾರಿದರೆ ತಡೆಯುವಂಥದ್ದು ಕೆಳಗೆ ಏನೂ ಇಲ್ಲ.

ಹಾಗಾಗಿ ಇದನ್ನು ಒಂದು ಚಾರಣ ಅಂತ ಅಂದುಕೊಳ್ಳಬೇಡಿ, ಎರಡು ಅಂದುಕೊಳ್ಳಿ. ಕೀಹೋಲ್ ತನಕ ಒಂದು, ಅಲ್ಲಿಂದ ತುದಿಗೆ ಇನ್ನೊಂದು. ಮೊದಲನೆಯದನ್ನು ಚೆನ್ನಾಗಿ ಮುಗಿಸಿದ್ದೀರಿ ಅಂತ ಎರಡನೆಯದಕ್ಕೆ ಕೈ ಹಾಕುವ ಹಕ್ಕು ತಾನಾಗಿ ಬರುವುದಿಲ್ಲ. ಕೀಹೋಲ್ ಹತ್ತಿರ ನಿಂತು ಹೊಸದಾಗಿ ಕೇಳಿಕೊಳ್ಳಬೇಕು.

ತಿಂಗಳು ಯಾವುದು ಅನ್ನುವುದು ಮೊದಲು ತೀರ್ಮಾನ ಆಗಬೇಕು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರಗಳ ತನಕ ಸಾಮಾನ್ಯವಾಗಿ ಹಿಮ ಕರಗಿ ಬಂಡೆ ಒಣಗಿರುತ್ತದೆ. ಅದರ ಹಿಂದೆ ಮುಂದೆ ಹೋದರೆ ಹಿಮ, ಮಂಜುಗಡ್ಡೆ, ಅದಕ್ಕೆ ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಮತ್ತು ಕ್ರ್ಯಾಂಪಾನ್ (ಶೂ ತಳಕ್ಕೆ ಕಟ್ಟುವ ಮುಳ್ಳು) ಬೇಕು, ಬಳಸಲು ಗೊತ್ತಿರಲೂ ಬೇಕು. ಮೊದಲ ಸಲ ಹೋಗುವವರು ಆ ತಿಂಗಳುಗಳನ್ನು ಬಿಟ್ಟುಬಿಡಿ. ಪಾರ್ಕ್‌ನವರು ಈ ಬೆಟ್ಟದ ಸ್ಥಿತಿ ಹೇಗಿದೆ ಅಂತ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಿರುತ್ತಾರೆ, ಹೊರಡುವ ಹಿಂದಿನ ದಿನ ಅದನ್ನು ಓದಿ. ಹವಾಮಾನ ನೋಡುವಾಗ ಹತ್ತಿರದ ಎಸ್ಟೆಸ್ ಪಾರ್ಕ್ ಊರಿನದ್ದನ್ನು ನೋಡಿ ಸಮಾಧಾನ ಪಡಬೇಡಿ. ನ್ಯಾಷನಲ್ ವೆದರ್ ಸರ್ವೀಸ್ ಸೈಟಿನ ನಕ್ಷೆಯಲ್ಲಿ ಬೆಟ್ಟದ ತುದಿಯ ಮೇಲೇ ಕ್ಲಿಕ್ ಮಾಡಿದರೆ ಆ ಎತ್ತರದ ಮುನ್ಸೂಚನೆ ಸಿಗುತ್ತದೆ. ಊರಲ್ಲಿ ಟೀ ಶರ್ಟ್ ಹಾಕಿಕೊಂಡು ಓಡಾಡುವ ದಿನವೇ ಮೇಲೆ ಕೈಬೆರಳು ಮರಗಟ್ಟುವ ಚಳಿ ಇರಬಹುದು. ಮಳೆಗಿಂತ ಗಾಳಿಯ ವೇಗವನ್ನು ನಾನು ಮೊದಲು ನೋಡುತ್ತೇನೆ. ಗಂಟೆಗೆ 30 ಮೈಲಿ ದಾಟುತ್ತದೆ ಅಂತಿದ್ದರೆ ಬೇರೆ ದಿನ ಹುಡುಕುತ್ತೇನೆ.

ಈಗ ಗಡಿಯಾರದ ವಿಷಯ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ದಿನನಿತ್ಯದ ಮಾತು. ಬೆಳಿಗ್ಗೆ ಆಕಾಶ ಎಷ್ಟೇ ನೀಲಿ ಇರಲಿ, ಹನ್ನೊಂದಕ್ಕೆ ಮೋಡ ಕಟ್ಟಲು ಶುರುವಾಗಿ ಒಂದು ಗಂಟೆಗೆಲ್ಲ ಸಿಡಿಲು ಹೊಡೆಯಬಹುದು. ಮರಗಳು 11,000 ಅಡಿ ಹತ್ತಿರ ಮುಗಿದು ಹೋಗುತ್ತವೆ. ಅಲ್ಲಿಂದ ಮೇಲೆ ಬಯಲಲ್ಲಿ ಎದ್ದು ಕಾಣುವ ವಸ್ತು ನೀವೇ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಒಂದು ಗಂಟೆ ಒಳಗೆ ಮರಗಳ ಹತ್ತಿರ ವಾಪಸ್ ಬಂದಿರಬೇಕು, ಅದಕ್ಕೆ ಒಂಬತ್ತು, ತಡವಾದರೆ ಹತ್ತರೊಳಗೆ ತುದಿಯಲ್ಲಿರಬೇಕು, ಅದಕ್ಕೆ ಏಳರ ಆಸುಪಾಸಿಗೆ ಕೀಹೋಲ್ ಮುಟ್ಟಿರಬೇಕು, ಅದಕ್ಕೆ ರಾತ್ರಿ ಎರಡು ಗಂಟೆಗೆ ನಡೆಯಲು ಶುರು ಮಾಡಿರಬೇಕು. ರಾತ್ರಿ ಎರಡು ಅಂದರೆ ಎರಡೇ, ಎರಡಕ್ಕೆ ಎದ್ದು ಕಾಫಿ ಕಾಯಿಸುವುದಲ್ಲ. ಬೇಸಿಗೆಯ ಶನಿವಾರ ಭಾನುವಾರ ಪಾರ್ಕಿಂಗ್ ಕೂಡ ಅಷ್ಟು ಹೊತ್ತಿಗೇ ತುಂಬಿಬಿಡುತ್ತದೆ, ಸಾಧ್ಯವಾದರೆ ವಾರದ ಮಧ್ಯೆ ಒಂದು ದಿನ ರಜೆ ಹಾಕಿ ಹೋಗಿ. ಇನ್ನೊಂದು ದಾರಿಯೂ ಇದೆ. 12,700 ಅಡಿ ಎತ್ತರದಲ್ಲಿ, ಕೀಹೋಲ್‌ಗೆ ಸ್ವಲ್ಪ ಮೊದಲು ಸಿಗುವ ದೊಡ್ಡ ಕಲ್ಲುಗಳ ಬಯಲು, ಬೌಲ್ಡರ್‌ಫೀಲ್ಡ್‌ನಲ್ಲಿ ಟೆಂಟ್ ಹಾಕಿ ಎರಡು ದಿನದಲ್ಲಿ ಮಾಡುವುದು. ಅದಕ್ಕೆ ಪರ್ಮಿಟ್ ಬೇಕು, ಬೇಗ ಮುಗಿದು ಹೋಗುತ್ತದೆ, ಆ ಎತ್ತರದಲ್ಲಿ ನಿದ್ದೆಯೂ ಸರಿಯಾಗಿ ಬರುವುದಿಲ್ಲ.

ತಯಾರಿಗೆ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿ. ಜಿಮ್‌ನಲ್ಲಿ ಮೆಟ್ಟಿಲು ಹತ್ತುವುದು ಒಳ್ಳೆಯದೇ, ಆದರೆ ಎತ್ತರಕ್ಕೆ ಎತ್ತರವೇ ಮದ್ದು. ಇದೇ ಪಾರ್ಕ್‌ನ ಫ್ಲಾಟ್‌ಟಾಪ್ ಮತ್ತು ಅದರ ಪಕ್ಕದ ಹ್ಯಾಲೆಟ್ ಪೀಕ್ ಮೊದಲು ಮಾಡಿ, ಆಮೇಲೆ 14,000 ಅಡಿ ದಾಟುವ ಸುಲಭದ ಬೆಟ್ಟ ಒಂದು, ಬೀರ್‌ಸ್ಟಾಟ್ ಅಥವಾ ಗ್ರೇಸ್ ಪೀಕ್. ಅಲ್ಲಿ ತಲೆನೋವು, ವಾಕರಿಕೆ ಬರುತ್ತದಾ ಅಂತ ಗಮನಿಸಿ, ಯಾಕೆಂದರೆ ಎಷ್ಟು ಗಟ್ಟಿಮುಟ್ಟಾಗಿದ್ದರೂ ಎತ್ತರ ಯಾರನ್ನು ಹಿಡಿಯುತ್ತದೆ ಅಂತ ಮುಂಚೆ ಹೇಳಲಾಗದು. ಬೆಂಗಳೂರಿಂದ ರಜೆಗೆ ಬಂದವರನ್ನು ಮೂರನೇ ದಿನಕ್ಕೇ ಇಲ್ಲಿಗೆ ಕರೆದುಕೊಂಡು ಹೋಗಬೇಡಿ, ದಯವಿಟ್ಟು.

ಬಂಡೆಯ ಅಭ್ಯಾಸ ಬೇರೆಯೇ. ಊರಲ್ಲಿ ಸಾವನದುರ್ಗದ ಇಳಿಜಾರು ಬಂಡೆ ಮೇಲೆ ಓಡಾಡಿದವರಿಗೆ ಶೂ ತಳವನ್ನು ನಂಬಿ ನಿಲ್ಲುವುದು ಗೊತ್ತಿರುತ್ತದೆ, ಅದು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಗೊತ್ತಿಲ್ಲದವರು ಊರ ಹತ್ತಿರದ ಸಣ್ಣ ಬಂಡೆಗಳ ಮೇಲೆ ಇಷ್ಟನ್ನು ಕಲಿಯಿರಿ: ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಬಂಡೆ ಮೇಲಿರಲಿ, ಒಂದು ಮಾತ್ರ ಕದಲಲಿ. ಹಿಡಿಯುವ ಮುಂಚೆ ಕಲ್ಲನ್ನು ತಟ್ಟಿ, ಅಲ್ಲಾಡಿಸಿ ನೋಡಿ. ಮೈಯನ್ನು ಕೈಯಿಂದ ಎಳೆಯಬೇಡಿ, ಕಾಲಿನಿಂದ ತಳ್ಳಿ. ಇಳಿಯುವಾಗ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿದ ಹಾಗೆ ಇಳಿಯಿರಿ. ಭಯ ಆದಾಗ ಬಂಡೆಯನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತದೆ, ಹಾಗೆ ತಬ್ಬಿದಷ್ಟೂ ಕಾಲು ಜಾರುತ್ತದೆ. ಸೊಂಟ ಸ್ವಲ್ಪ ಹೊರಗಿದ್ದರೆ ಭಾರ ನೇರ ಪಾದದ ಮೇಲೆ ಬೀಳುತ್ತದೆ. ಹತ್ತುವುದಕ್ಕಿಂತ ಇಳಿಯುವುದನ್ನೇ ಜಾಸ್ತಿ ಅಭ್ಯಾಸ ಮಾಡಿ.

ಬ್ಯಾಗಿನಲ್ಲಿ ಹೆಲ್ಮೆಟ್, ಹೆಡ್‌ಲ್ಯಾಂಪ್ ಜೊತೆಗೆ ಬೇರೆ ಬ್ಯಾಟರಿ, ಕೈಗವಸು, ಮಳೆ ಜಾಕೆಟ್, ಬೆಚ್ಚಗಿನ ಒಂದು ಪದರ, ಮೂರು ಲೀಟರ್ ನೀರು. ಬೌಲ್ಡರ್‌ಫೀಲ್ಡ್ ಹತ್ತಿರ ತೊರೆ ಸಿಗುತ್ತದೆ, ಫಿಲ್ಟರ್ ಇಟ್ಟುಕೊಂಡರೆ ತುಂಬಿಸಿಕೊಳ್ಳಬಹುದು. ಜೀನ್ಸ್ ಬೇಡ, ಹತ್ತಿ ಬಟ್ಟೆಯೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಎಷ್ಟು ಹೊತ್ತಿಗೆ ವಾಪಸ್, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಊಟದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. 13,000 ಅಡಿ ಮೇಲೆ ಸಿಹಿ ಬಾರ್‌ಗಳು ಗಂಟಲಲ್ಲಿ ಇಳಿಯುವುದೇ ಇಲ್ಲ, ಹುಳಿ ಉಪ್ಪು ಇಳಿಯುತ್ತದೆ. ಪುಳಿಯೋಗರೆ ಉಂಡೆ ಕಟ್ಟಿಕೊಂಡು ಹೋದ ದಿನ ನಾನು ಕೊನೆಯ ತನಕ ಸರಿಯಾಗಿ ತಿಂದೆ. ಕೋಡುಬಳೆ, ಕಡಲೆಬೀಜದ ಚಿಕ್ಕಿ, ನಿಂಬೆ ಶರಬತ್ತಿಗೆ ಸ್ವಲ್ಪ ಉಪ್ಪು. ಹಸಿವಿಲ್ಲದಿದ್ದರೂ ಗಂಟೆಗೊಮ್ಮೆ ಒಂದು ತುತ್ತು. ಬ್ಯಾಗನ್ನು ಮಾತ್ರ ಎಲ್ಲೂ ಬಿಟ್ಟು ಹೋಗಬೇಡಿ, ದೊಡ್ಡ ಅಳಿಲಿನ ಜಾತಿಯ ಅಲ್ಲಿನ ಮಾರ್ಮಟ್‌ಗಳು ಬೆವರಿನ ಉಪ್ಪಿಗೆ ಪಟ್ಟಿಯನ್ನೇ ಕಡಿದು ಹಾಕುತ್ತವೆ.

ದಾರಿ ಹೀಗಿದೆ. ಕತ್ತಲಲ್ಲಿ ಕಾಡು, ಗಾಬ್ಲಿನ್ಸ್ ಫಾರೆಸ್ಟ್ ಅಂತ ಅದರ ಹೆಸರು. ಮರ ಮುಗಿದ ಮೇಲೆ ಚಾಸ್ಮ್ ಜಂಕ್ಷನ್, ಅಲ್ಲೊಂದು ಶೌಚಾಲಯ ಇದೆ. ನಂತರ ಗ್ರಾನೈಟ್ ಪಾಸ್, ನಂತರ ಬೌಲ್ಡರ್‌ಫೀಲ್ಡ್. ಬೆಳಕು ಹರಿಯುವಾಗ ಇಲ್ಲಿರುತ್ತೀರಿ. ಕಾರಿನಷ್ಟು ದೊಡ್ಡ ಕಲ್ಲುಗಳ ಮೇಲೆ ಕಾಲಿಟ್ಟು ದಾಟುತ್ತಾ ಹೋದರೆ ಎದುರಿಗೆ ಬೆಟ್ಟದ ಏಣಿನಲ್ಲಿ ಕೀಲಿ ತೂತಿನ ಹಾಗೆ ಒಂದು ಕಿಂಡಿ. ಅದೇ ಕೀಹೋಲ್, ಸುಮಾರು 13,200 ಅಡಿ. ನಾನು ಹೋದಾಗ ಪಕ್ಕದಲ್ಲಿ ಕಲ್ಲಿನ ಪುಟ್ಟ ಗುಡಿಸಲು ಇತ್ತು. 1925ರ ಜನವರಿಯಲ್ಲಿ ಪೂರ್ವದ ಗೋಡೆಯನ್ನು ಚಳಿಗಾಲದಲ್ಲಿ ಹತ್ತಿ, ಇಳಿಯುವಾಗ ಚಳಿಗೆ ಪ್ರಾಣ ಬಿಟ್ಟ ಪರ್ವತಾರೋಹಿ ಆಗ್ನೆಸ್ ವೈಲ್ ನೆನಪಿಗೆ ಕಟ್ಟಿದ್ದು. ತುದಿ ಮುಟ್ಟಿ ಬಂದ ಮೇಲೂ ಬೆಟ್ಟ ಮುಗಿದಿರುವುದಿಲ್ಲ ಅಂತ ಅಲ್ಲಿ ನಿಂತಾಗೆಲ್ಲ ನನಗೆ ಅನ್ನಿಸುತ್ತದೆ.

ನನ್ನ ಮೊದಲ ಪ್ರಯತ್ನ ಇದೇ ಗುಡಿಸಲ ಹತ್ತಿರ ಮುಗಿಯಿತು. ಕಿಂಡಿಯಲ್ಲಿ ತಲೆ ಹಾಕಿದರೆ ಆ ಕಡೆಯಿಂದ ಗಾಳಿ ನೂಕುತ್ತಿತ್ತು, ಜೊತೆಯಲ್ಲಿದ್ದ ಗೆಳೆಯನಿಗೆ ಬೌಲ್ಡರ್‌ಫೀಲ್ಡ್‌ನಿಂದಲೇ ತಲೆ ಸಿಡಿಯುತ್ತಿತ್ತು. ಹಿಂದಿನ ರಾತ್ರಿಯೇ ಮೂರು ಷರತ್ತು ಹಾಕಿಕೊಂಡಿದ್ದೆವು: ಯಾರಿಗಾದರೂ ತಲೆನೋವು ವಾಕರಿಕೆ ಎರಡೂ ಇದ್ದರೆ, ಬಂಡೆ ಒದ್ದೆ ಇದ್ದರೆ, ಗಾಳಿ ನಿಂತವರನ್ನು ಕದಲಿಸಿದರೆ ವಾಪಸ್. ಷರತ್ತು ಮೊದಲೇ ಇದ್ದಿದ್ದರಿಂದ ವಾದ ಆಗಲಿಲ್ಲ, ಐದು ನಿಮಿಷದಲ್ಲಿ ತಿರುಗಿದೆವು. ನೀವೂ ಮನೆಯಲ್ಲೇ ಕೂತು ಇದನ್ನು ತೀರ್ಮಾನಿಸಿ. ಐದು ಗಂಟೆ ನಡೆದು ಬಂದ ಮೇಲೆ ಮನಸ್ಸು ನ್ಯಾಯವಾಗಿ ಯೋಚಿಸುವುದಿಲ್ಲ. ಗುಂಪು ಒಡೆಯಬೇಡಿ. ಒಬ್ಬರು ಇಳಿದರೆ ಇನ್ನೊಬ್ಬರಾದರೂ ಜೊತೆಗೆ ಇಳಿಯಬೇಕು.

ಕಿಂಡಿ ದಾಟಿದರೆ ಇನ್ನೊಂದು ಲೋಕ. ವಾಕಿಂಗ್ ಪೋಲ್ ಮಡಿಸಿ ಒಳಗಿಡಿ, ಹೆಲ್ಮೆಟ್ ಹಾಕಿ. ಬಂಡೆ ಮೇಲೆ ಹಳದಿ ಕೆಂಪು ಬಣ್ಣದ ವೃತ್ತಗಳು ದಾರಿ ತೋರಿಸುತ್ತವೆ, ಒಂದು ಕಂಡ ಮೇಲೆಯೇ ಮುಂದಿನದಕ್ಕೆ ಹೋಗಿ. ಮೊದಲು ಲೆಡ್ಜಸ್, ಬೆಟ್ಟದ ಪಕ್ಕೆಗುಂಟ ಏರಿಳಿಯುವ ದಾರಿ. ಆಮೇಲೆ ಟ್ರಫ್, ಆರುನೂರು ಅಡಿಯ ಕಡಿದಾದ ಕೊರಕಲು, ತುಂಬಾ ಸಡಿಲ ಕಲ್ಲು. ಇಲ್ಲಿ ಯಾರ ನೇರ ಕೆಳಗೂ ನಿಲ್ಲಬೇಡಿ. ಕಲ್ಲು ಉರುಳಿದರೆ "ರಾಕ್!" ಅಂತ ಜೋರಾಗಿ ಕೂಗಿ, ಕೇಳಿಸಿಕೊಂಡವರು ಮೇಲೆ ನೋಡದೆ ಗೋಡೆಗೆ ಒತ್ತಿಕೊಳ್ಳಬೇಕು. ಟ್ರಫ್ ತುದಿಯಲ್ಲಿ ಸಿಕ್ಕಿಕೊಂಡಿರುವ ದೊಡ್ಡ ಬಂಡೆಯೇ ಇಡೀ ದಾರಿಯಲ್ಲಿ ತೀರಾ ಕಷ್ಟದ ಜಾಗ. ನಿಧಾನಕ್ಕೆ ಕೈಹಿಡಿ ಹುಡುಕಿ, ಸಿಗುತ್ತದೆ. ದಾಟಿದ ಕೂಡಲೇ ನ್ಯಾರೋಸ್, ಹೆಸರೇ ಹೇಳುವಂತೆ ಇಕ್ಕಟ್ಟು, ಒಂದು ಕಡೆ ಗೋಡೆ ಇನ್ನೊಂದು ಕಡೆ ಪ್ರಪಾತ. ನಿಜ ಹೇಳಬೇಕೆಂದರೆ ಹೆಜ್ಜೆ ಇಡುವುದು ಕಷ್ಟವಿಲ್ಲ, ನೋಡುವುದು ಕಷ್ಟ. ಎದುರಿಗೆ ಇಳಿಯುವವರು ಬಂದರೆ ಅಗಲ ಇರುವ ಕಡೆ ನಿಂತು ಬಿಟ್ಟುಕೊಡಿ. ಕೊನೆಗೆ ಹೋಮ್‌ಸ್ಟ್ರೆಚ್, ಜನರ ಕಾಲಿಗೆ ಸವೆದು ನುಣುಪಾದ ಬಂಡೆ ಹಾಸು. ಒಣಗಿದ್ದರೆ ಶೂ ಹಿಡಿಯುತ್ತದೆ, ಒದ್ದೆ ಇದ್ದರೆ ಅಲ್ಲಿಂದಲೇ ವಾಪಸ್. ತುದಿ ಇನ್ನೇನು ಐವತ್ತು ಅಡಿ ಇದ್ದರೂ ಸರಿ.

ತುದಿ ವಿಶಾಲವಾದ ಮೈದಾನ, ಅಷ್ಟು ಇಕ್ಕಟ್ಟು ದಾಟಿ ಬಂದವರಿಗೆ ನಂಬಲಿಕ್ಕೇ ಆಗುವುದಿಲ್ಲ. 1868ರ ಆಗಸ್ಟ್‌ನಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಅವರ ತಂಡ ಹತ್ತಿದ್ದು ದಾಖಲಾಗಿರುವ ಮೊದಲ ಆರೋಹಣ. ಇಪ್ಪತ್ತು ನಿಮಿಷ ಕೂತು ತಿನ್ನಿ, ಫೋಟೊ ತೆಗೆಯಿರಿ, ಹೊರಡಿ.

ಇಳಿಯುವಾಗ ಆಗುವ ದೊಡ್ಡ ತಪ್ಪು ಒಂದಿದೆ. ಟ್ರಫ್ ಇಳಿಯುತ್ತಾ ಲೆಡ್ಜಸ್ ಕಡೆಗೆ ಬಲಕ್ಕೆ ತಿರುಗುವ ಜಾಗ ಬಿಟ್ಟು ನೇರ ಕೆಳಗೆ ಹೋಗಿಬಿಡುತ್ತಾರೆ, ಅದು ಗ್ಲೇಷಿಯರ್ ಗಾರ್ಜ್ ಅನ್ನುವ ಬೇರೆಯೇ ಕಣಿವೆ. ಹತ್ತುವಾಗಲೇ ಆ ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡಿ, ಫೋಟೊ ತೆಗೆದುಕೊಳ್ಳಿ. ಕೀಹೋಲ್ ದಾಟಿದ ಮೇಲೆ ಇನ್ನೂ ಹತ್ತು ಕಿಲೋಮೀಟರ್ ನಡಿಗೆ ಇದೆ, ಮಂಡಿ ನೋಯುವುದು ಇಲ್ಲೇ. ಕಾರಿನಲ್ಲಿ ಒಣ ಬಟ್ಟೆ, ಚಪ್ಪಲಿ, ಒಂದು ಡಬ್ಬಿ ಮೊಸರನ್ನ ಇಟ್ಟಿರಿ. ಮಧ್ಯರಾತ್ರಿಗೇ ಎದ್ದವರು ಸಂಜೆ ಡೆನ್ವರ್ ತನಕ ಗಾಡಿ ಓಡಿಸುವುದು ಬೇಡ, ಎಸ್ಟೆಸ್ ಪಾರ್ಕ್‌ನಲ್ಲಿ ಆ ರಾತ್ರಿಗೂ ರೂಮ್ ಮೊದಲೇ ಮಾಡಿಟ್ಟುಕೊಳ್ಳಿ.