72 ದಿನ, 21 ಪೊಟ್ಟಣ: ಊರಲ್ಲಿಲ್ಲದಾಗ ಮೀನು ಉಳಿಸಿಕೊಂಡ ಬಗೆ

ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಮಾರ್ಚ್ ಮಧ್ಯದಲ್ಲಿ ಡಲ್ಲಾಸ್‌ಗೆ ಹೊರಟೆವು. ಮೈಸೂರಿಗೆ ವಾಪಸ್ ಬಂದಾಗ ಮೇ ಕೊನೆ. ಒಟ್ಟು 72 ದಿನ. ಹೊರಡುವ ಮುಂಚೆ ಮೀನು ಸಾಕುವ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ಮೀನು ಯಾರಿಗಾದರೂ ಕೊಟ್ಟುಬಿಡು, ಇಲ್ಲಾ ಅಂಗಡಿಯಲ್ಲಿ ಬಿಟ್ಟು ಹೋಗು. ಒಬ್ಬರಂತೂ 'ಬಂದ ಮೇಲೆ ಟ್ಯಾಂಕ್ ತೊಳೆಯೋಕೆ ನಾನೇ ಬರ್ತೀನಿ ಬಿಡು' ಅಂದರು. ನಾಲ್ಕಡಿ ಟ್ಯಾಂಕಿನಲ್ಲಿ 25 ಮೀನು ಬಿಟ್ಟು ಹೋಗಿದ್ದೆ. ಬಂದಾಗ 24 ಇದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ಯಾಂಕಿನಲ್ಲಿ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಮಿಸ್ ಕೇರಳ 6, ಏಂಜಲ್ 4, ಕೋರಿ 6, ಬ್ಲ್ಯಾಕ್ ಸ್ಕರ್ಟ್ ಟೆಟ್ರಾ 8, ಒಂದು ಬ್ರಿಸಲ್‌ನೋಸ್ ಪ್ಲೆಕೊ. ನೀರು ಸುಮಾರು 220 ಲೀಟರ್. ಬಾಲ್ಕನಿಯಲ್ಲಿ ಎರಡಡಿಯ ಗಪ್ಪಿ ಟ್ಯಾಂಕ್ ಬೇರೆ. ನನಗೆ ಜಾಸ್ತಿ ಚಿಂತೆ ಇದ್ದದ್ದು ಮಿಸ್ ಕೇರಳದ್ದೇ. ಕೇರಳದಲ್ಲೂ ನಮ್ಮ ಕಡೆಯ ಘಟ್ಟದ ಹೊಳೆಗಳಲ್ಲೂ ಇರುವ ಮೀನು ಅದು. ತಣ್ಣಗೆ ಹರಿಯುವ ನೀರೇ ಅದಕ್ಕೆ ಬೇಕು. ನಾವು ಹೊರಟದ್ದು ಕಡು ಬೇಸಿಗೆಗೆ.

ಇದಕ್ಕೂ ಮುಂಚೆ ಮೂರು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲ ಕಾಶಿಗೆ ಹೋದಾಗ, 12 ದಿನ. ಮೀನು ಅಂದರೆ ಪ್ರಾಣ ಬಿಡುವ ಹುಡುಗನೊಬ್ಬ ನಮ್ಮ ಬೀದಿಯಲ್ಲಿದ್ದ. ಫುಡ್ ಡಬ್ಬಿ ಅವನ ಕೈಗೇ ಕೊಟ್ಟೆ. ಪಾಪ, ದಿನಕ್ಕೆ ಮೂರು ಸಲ ಹಾಕಿದ್ದಾನೆ. ಗಾಜಿನ ಹತ್ತಿರ ಬಂದು ಬಾಯಿ ಬಾಯಿ ಬಿಡುತ್ತವಲ್ಲ, ಹಸಿವು ಅಂದುಕೊಂಡಿದ್ದಾನೆ. ನಾವು ಬಂದಾಗ ನೀರು ಮಜ್ಜಿಗೆಯ ಹಾಗಿತ್ತು. 14 ಮೀನು ಹೋದವು. ಆಗಿನ ಬೆಲೆಯಲ್ಲೇ ಐದಾರು ಸಾವಿರ ನಷ್ಟ.

ಎರಡನೇ ಸಲ ಹೊತ್ತಿಗೆ ಸರಿಯಾಗಿ ತಾನೇ ಊಟ ಹಾಕುವ ಆಟೋ ಫೀಡರ್ ತಂದೆ. 1,800 ರೂಪಾಯಿ ಇರಬೇಕು. ನೀರಿನ ಹಬೆ ತಾಗಿ ಪೆಲೆಟ್ (ಮೀನಿನ ಊಟದ ಕಾಳು) ಎಲ್ಲ ಉಂಡೆ ಕಟ್ಟಿ, ನಾಲ್ಕನೇ ದಿನಕ್ಕೇ ಬೀಳುವುದು ನಿಂತಿತ್ತು. ನಾವು ಬಂದದ್ದು 13ನೇ ದಿನ. ಅಂದರೆ ಒಂಬತ್ತು ದಿನ ಉಪವಾಸ. ಒಂದೂ ಸತ್ತಿರಲಿಲ್ಲ, ನೀರು ಕನ್ನಡಿಯ ಹಾಗಿತ್ತು! ಇಡೀ ಯೋಜನೆಗೆ ದಾರಿ ತೋರಿಸಿದ್ದು ಆ ಕೆಟ್ಟುಹೋದ ಫೀಡರೇ.

ಮೂರನೇ ಸಲ ಒಂದು ಅಂಗಡಿಯ ಹುಡುಗನಿಗೆ ಸಲಕ್ಕೆ 300 ರೂಪಾಯಿ ಅಂತ ಮಾತಾಡಿದ್ದೆ. ಕೆಲಸ ಮಾಡಿದ್ದು ಕಾಣಬೇಕು ಅಂತಲೋ ಏನೋ, ಬಂದಾಗೆಲ್ಲ ಅರ್ಧ ನೀರು ತೆಗೆದು ನಲ್ಲಿ ನೀರು ನೇರವಾಗಿ ತುಂಬಿದ್ದ. ಕ್ಲೋರಿನ್‌ಗೆ ಕಿವಿರು ಸುಟ್ಟು ಏಳು ಟೆಟ್ರಾ ಹೋದವು.

ಮೂರನ್ನೂ ಸೇರಿಸಿ ನೋಡಿದರೆ ವಿಷಯ ಸ್ಪಷ್ಟ. ನಾವಿಲ್ಲದಾಗ ಮೀನು ಸಾಯುವುದು ಹಸಿವಿನಿಂದ ಅಲ್ಲ. ಯಾರೋ ಜಾಸ್ತಿ ಕಾಳಜಿ ಮಾಡಿದ್ದರಿಂದ. ಹಾಗಾಗಿ ಈ ಸಲ ಮೀನು ಅಂದರೆ ಇಷ್ಟ ಇರುವವರನ್ನು ಹುಡುಕಲೇ ಇಲ್ಲ. ಹೇಳಿದಷ್ಟು ಮಾತ್ರ ಮಾಡುವವರನ್ನು ಹುಡುಕಿದೆ. ಪಕ್ಕದ ಮನೆಯಲ್ಲಿ ನಿವೃತ್ತ ಗಣಿತದ ಮೇಡಂ ಇದ್ದಾರೆ. ಕೇಳಿದಾಗ ಅವರು ಹೇಳಿದ್ದಿಷ್ಟು: 'ನೋಡಿ ಸರ್, ನಂಗೆ ಮೀನು ಗೀನು ಏನೂ ಗೊತ್ತಿಲ್ಲ. ಏನು ಮಾಡ್ಬೇಕು ಬರೆದು ಕೊಡಿ, ಅಷ್ಟೇ ಮಾಡ್ತೀನಿ.' ನನಗೆ ಬೇಕಿದ್ದದ್ದೂ ಅದೇ.

ಹೊರಡಲು ಇನ್ನೂ ಒಂದೂವರೆ ತಿಂಗಳು ಇರುವಾಗಲೇ ಒಂದು ಪರೀಕ್ಷೆ ಇಟ್ಟೆ. ಹದಿನೈದು ದಿನ ಮನೆಯಲ್ಲೇ ಇದ್ದು ಊರಿಗೆ ಹೋದವರ ಹಾಗೆ ಇದ್ದುಬಿಡುವುದು. ಟ್ಯಾಂಕ್ ಮುಟ್ಟುವ ಹಾಗಿಲ್ಲ. ಮೇಡಂ ಬಂದು, ಚೀಟಿ ಓದಿ, ಕೆಲಸ ಮಾಡಿ ಹೋಗಬೇಕು. ಹೆಂಡತಿಗೆ ಇದು ಅತಿ ಅನಿಸಿತು. ಆದರೆ ಈ ಪರೀಕ್ಷೆ ಮಾಡದೇ ಹೋಗಿದ್ದರೆ ಖಂಡಿತ ಕೆಡುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಬಿಸಿಲಿಗೆ ನೀರು ಕಾಯದಿರಲಿ ಅಂತ ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಎರಡನ್ನು ನೀರಿನ ಮೇಲೆ ಬೀಸುವ ಹಾಗೆ ಕಟ್ಟಿದ್ದೆ. ಟೈಮರ್ ಹಾಕಿ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಇದು ಸಣ್ಣ ವಿಷಯ ಅಲ್ಲ. 25 ಡಿಗ್ರಿಯಲ್ಲಿ ಲೀಟರ್ ನೀರಿಗೆ 8 ಮಿಲಿಗ್ರಾಂ ಚಿಲ್ಲರೆ ಆಕ್ಸಿಜನ್ ಕರಗಿದರೆ, 32 ಡಿಗ್ರಿಗೆ ಏಳೂಕಾಲರ ಆಸುಪಾಸಿಗೆ ಬಂದುಬಿಡುತ್ತದೆ. ಆದರೆ ಫ್ಯಾನ್ ಇದ್ದರೆ ನೀರು ಆರುವುದೂ ಜಾಸ್ತಿ. ನನ್ನ ಟ್ಯಾಂಕಿನಲ್ಲಿ ದಿನಕ್ಕೆ ಎರಡೂವರೆ ಲೀಟರ್ ಹೋಗುತ್ತಿತ್ತು. ಗಾಜಿನ ಮುಚ್ಚಳ ಇಟ್ಟರೆ ಫ್ಯಾನ್ ಗಾಳಿ ತಾಗುವುದಿಲ್ಲ, ತೆಗೆದರೆ ಮಿಸ್ ಕೇರಳ ಹಾರುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಪರದೆಯನ್ನು ಚೌಕಟ್ಟಿಗೆ ಬಿಗಿದು ಮೇಲೆ ಮುಚ್ಚಿದೆ.

ಆರಿದ ನೀರು ತುಂಬಲು ಟ್ಯಾಂಕಿಗಿಂತ ಎತ್ತರದಲ್ಲಿ 25 ಲೀಟರ್ ಕ್ಯಾನ್, ಅದರಿಂದ ಸಣ್ಣ ಪೈಪು, ಪೈಪಿನ ತುದಿಗೆ ಕೂಲರ್‌ಗೆ ಹಾಕುವ, ನೀರು ಮಟ್ಟಕ್ಕೆ ಬಂದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್. ಪರೀಕ್ಷೆಯ ಆರನೇ ದಿನ ಬೆಳಿಗ್ಗೆ ನೋಡಿದರೆ ಕ್ಯಾನ್ ಪೂರ್ತಿ ಖಾಲಿ. ವಾಲ್ವಿನ ಬಾಯಿಗೆ ಕಡಲೆ ಕಾಳಿನಷ್ಟು ಬಸವನಹುಳು ಸಿಕ್ಕಿಕೊಂಡಿತ್ತು! ವಾಲ್ವ್ ಮುಚ್ಚದೆ ರಾತ್ರಿಯೆಲ್ಲ ನೀರು ಸುರಿದಿದೆ. ಆದರೂ ಒಂದು ಹನಿ ನೆಲಕ್ಕೆ ಚೆಲ್ಲಿರಲಿಲ್ಲ. ಇಲ್ಲಿ ನನ್ನ ಲೆಕ್ಕ ಸರಿ ಇತ್ತು ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿಗೆ 25 ಲೀಟರ್ ಅಂದರೆ ಒಂದೂಮುಕ್ಕಾಲು ಇಂಚು. ನಾನು ಮೊದಲೇ ಮೂರು ಇಂಚು ಜಾಗ ಬಿಟ್ಟಿದ್ದೆ. ಇದಕ್ಕೇ ಹೇಳುವುದು, ಫ್ಲೋಟ್ ವಾಲ್ವನ್ನು ನೇರ ಮನೆಯ ನೀರಿನ ಲೈನಿಗೆ ಕೊಡಲೇಬೇಡಿ. ಆಮೇಲೆ ವಾಲ್ವಿನ ಸುತ್ತ ಪರದೆ ತುಂಡು ಸುತ್ತಿದೆ, ತೊಂದರೆ ಮರುಕಳಿಸಲಿಲ್ಲ.

ಫಿಲ್ಟರ್ ವಿಷಯದಲ್ಲಿ ಗೆಳೆಯರಿಗೂ ನನಗೂ ಜಗಳವೇ ಆಯಿತು. 7,000 ಕೊಟ್ಟು ತಂದ ಕ್ಯಾನಿಸ್ಟರನ್ನು (ಟ್ಯಾಂಕಿನ ಹೊರಗಿಡುವ, ಡಬ್ಬಿಯಂಥ ಫಿಲ್ಟರ್) ನಾನು ಬಿಚ್ಚಿಟ್ಟೆ. ಬೇಸಿಗೆ ಮಳೆ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೋ, ಯಾವಾಗ ಬರುತ್ತದೋ. ಮುಚ್ಚಿದ ಕ್ಯಾನಿಸ್ಟರ್ ಹತ್ತು ಹನ್ನೆರಡು ಗಂಟೆ ನಿಂತರೆ ನೀರು ಶುದ್ಧ ಮಾಡುವ ಒಳಗಿನ ಬ್ಯಾಕ್ಟೀರಿಯಾ ಉಸಿರುಕಟ್ಟಿ ಕೊಳೆಯುತ್ತದೆ. ಕರೆಂಟ್ ಬಂದ ತಕ್ಷಣ ಆ ಕೊಳಕು ನೀರೆಲ್ಲ ಮೀನಿನ ಮೇಲೆ. ಅದರ ಬದಲು ಪಂಪಿನ ಗಾಳಿಯಿಂದ ನಡೆಯುವ ಮೂರು ಸ್ಪಾಂಜ್ ಫಿಲ್ಟರ್, ಎರಡು ಏರ್ ಪಂಪ್. ತಲಾ 5 ವ್ಯಾಟ್, ಎರಡೂ ಇನ್ವರ್ಟರ್ ಲೈನಿನಲ್ಲಿ. ಸ್ಪಾಂಜ್‌ಗಳನ್ನು ಎರಡು ತಿಂಗಳು ಮುಂಚೆಯೇ ಟ್ಯಾಂಕಿಗೆ ಇಳಿಸಿದ್ದೆ. ಅವುಗಳಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿ ಬೇಗ ಹದಕ್ಕೆ ತರಲು ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕಿದೆ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿದೆ. ಇದನ್ನು ಮರೆಯುವವರು ಬಹಳ.

ಊಟಕ್ಕೆ ಪೊಟ್ಟಣ. ವಾರಕ್ಕೆ ಎರಡು, ಬುಧವಾರ ಮತ್ತು ಭಾನುವಾರ. ಒಟ್ಟು 21. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಒಂದೊಂದಕ್ಕೆ ಒಂದು ಗ್ರಾಂ ಚಿಲ್ಲರೆ ಹಾಕಿದೆ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಮೇಲೆ ತಾರೀಖು ಬರೆದು, ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮೇಡಂಗೆ ಕೊಟ್ಟೆ. ಪೆಲೆಟ್ ಜೊತೆ ಇನ್ನೊಂದು ಪುಡಿಯೂ ಇತ್ತು. ಅದೇನು ಅಂತ ಮುಂದೆ ಯಾವಾಗಾದರೂ ಹೇಳುತ್ತೇನೆ. ದೊಡ್ಡ ಫುಡ್ ಡಬ್ಬಿ ಬೀರುವಿನೊಳಗೆ, ಬೀಗದ ಕೈ ನನ್ನ ಜೊತೆ ಡಲ್ಲಾಸ್‌ನಲ್ಲಿ. ಹೊರಡುವ ಮುಂಚಿನ ಹತ್ತು ದಿನ ಊಟ ಕಡಿಮೆ ಮಾಡುತ್ತಾ ಬಂದೆ. ಮರಿಗಳು ಉಪವಾಸ ತಡೆಯುವುದಿಲ್ಲ, ಹಾಗಾಗಿ ಗಪ್ಪಿ ಮರಿಗಳನ್ನೆಲ್ಲ ಗೆಳೆಯರಿಗೆ ಹಂಚಿದೆ.

ಖರ್ಚು ಸುಮಾರು 5,500 ಬಂತು. ದೂರದಿಂದ ಟ್ಯಾಂಕನ್ನು ಫೋನಿನಲ್ಲಿ ನೋಡಲು ಕ್ಯಾಮೆರಾ 1,600, ಟೈಮರ್ ಎರಡು 900, ಪಂಪ್‌ಗಳು 1,300, ಸ್ಪಾಂಜ್ 750, ಮಿಕ್ಕಿದ್ದು ಚಿಲ್ಲರೆ. ಒಂದು ಅಂಗಡಿಯಲ್ಲಿ ಮೀನು ಇಟ್ಟುಕೊಳ್ಳಲು ದಿನಕ್ಕೆ 150 ಕೇಳಿದ್ದರು. 72 ದಿನಕ್ಕೆ 10,800. ಮೇಲಿಂದ ಬೇರೆ ಟ್ಯಾಂಕಿನ ಕಾಯಿಲೆ ಉಚಿತವಾಗಿ ಬರುತ್ತದೆ.

ಅಲ್ಲಿ ರಾತ್ರಿ ಎಂಟೂವರೆ ಅಂದರೆ ಇಲ್ಲಿ ಬೆಳಿಗ್ಗೆ ಏಳು. ಮೊಮ್ಮಗು ತೊಡೆಯ ಮೇಲೆ, ಫೋನಿನಲ್ಲಿ ನನ್ನ ಟ್ಯಾಂಕ್. ಮೇ ಮೊದಲ ವಾರ, ಭರಣಿ ಮಳೆಯ ಗಾಳಿಗೆ ಮರ ಬಿದ್ದು ನಮ್ಮ ಬೀದಿಗೆ ಕರೆಂಟ್ ಹೋಯಿತು. ಕ್ಯಾಮೆರಾ ಕಪ್ಪು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಡಂಗೆ ಫೋನ್ ಮಾಡಿದರೆ, 'ಗುಳ್ಳೆ ಬರ್ತಿದೆ ಸರ್, ಬೇರೆ ಸ್ವಿಚ್ ಎಲ್ಲಾ ಆಫ್ ಮಾಡಿದೀನಿ' ಅಂದರು. ಕರೆಂಟ್ ಬಂದದ್ದು 26 ಗಂಟೆಯ ನಂತರ. ಮನೆಯ 150 ಎಎಚ್ ಬ್ಯಾಟರಿ ಅಷ್ಟೂ ಹೊತ್ತು ಪಂಪ್ ಓಡಿಸಿತು. ಕ್ಯಾನಿಸ್ಟರ್ ಇದ್ದಿದ್ದರೆ ಆವತ್ತೇ ಕಥೆ ಮುಗಿಯುತ್ತಿತ್ತು.

ಬಾಲ್ಕನಿಯ ಗಪ್ಪಿಗಳದ್ದು ಬೇರೆ ಪ್ರಯೋಗ. ಅವಕ್ಕೆ 72 ದಿನ ಒಂದು ಕಾಳೂ ಹಾಕಿಸಲಿಲ್ಲ. ಟ್ಯಾಂಕ್ ತುಂಬ ಹಾರ್ನ್‌ವರ್ಟ್, ಜಾವಾ ಮಾಸ್ ಅನ್ನುವ ನೀರಿನ ಗಿಡಗಳು, ಮೇಲೆ ಮನಿ ಪ್ಲಾಂಟ್ ಬೇರು, ಬೆಳಗಿನ ಬಿಸಿಲಿಗೆ ಬೆಳೆದ ಪಾಚಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ ಕೆರೆಗಳಿಗೆ ಬಿಡುವ ಮೀನು ಇದು, ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ. ಸುಮಾರು 20 ದೊಡ್ಡವನ್ನು ಬಿಟ್ಟಿದ್ದೆ, ಬಂದಾಗ 18ರ ತನಕ ಎಣಿಸಿದೆ. ಸಣಕಲಾಗಿದ್ದವು, ಆದರೆ ಚುರುಕಾಗಿದ್ದವು. ಪಕ್ಕದಲ್ಲಿ ಬಕೆಟ್ಟಿನಲ್ಲಿ ಡ್ಯಾಫ್ನಿಯಾ (ಮೀನು ತಿನ್ನುವ ಪುಟ್ಟ ನೀರುಜೀವಿ) ಬೆಳೆಸಿ ನೋಡಿದ್ದೆ. ಪರೀಕ್ಷೆಯ ವೇಳೆಗೇ ಅದರಲ್ಲಿ ಸೊಳ್ಳೆ ಮರಿ ಕಂಡವು. ಬೀಗ ಹಾಕಿದ ಮನೆಯಲ್ಲಿ ಅದು ಬೇಡ ಅಂತ ಚೆಲ್ಲಿದೆ.

ಬಂದ ದಿನ ಬೂಟು ಬಿಚ್ಚುವ ಮುಂಚೆ ಟ್ಯಾಂಕ್ ಮುಂದೆ ನಿಂತು ಎಣಿಸಿದೆ. ಮಿಸ್ ಕೇರಳ ಆರೂ ಇದ್ದವು, ಕೆಂಪು ಗೆರೆ ಮೊದಲಿಗಿಂತ ಗಾಢ. ಏಂಜಲ್‌ಗಳ ಹೊಟ್ಟೆ ಸ್ವಲ್ಪ ಒಳಗೆ ಹೋಗಿತ್ತು. ಒಂದು ಮುದಿ ಟೆಟ್ರಾ ಮಾತ್ರ ಇಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 210 ಇದ್ದದ್ದು 330 ದಾಟಿತ್ತು. ಆರಿ ಹೋಗುವುದು ನೀರು ಮಾತ್ರ, ಉಪ್ಪಿನಂಶ ಉಳಿಯುತ್ತದೆ. ಬಂದ ಖುಷಿಯಲ್ಲಿ ಆವತ್ತೇ ಅರ್ಧ ನೀರು ಬದಲಿಸಬೇಡಿ, 72 ದಿನ ತಡೆದ ಮೀನು ಒಂದೇ ಗಂಟೆಯಲ್ಲಿ ಹೋಗಬಹುದು. ನಾನು ದಿನ ಬಿಟ್ಟು ದಿನ ಎರಡು ಬಕೆಟ್ಟಿನಂತೆ ಎರಡು ವಾರ ಬದಲಿಸಿದೆ.

ಸಂಜೆ ಮೇಡಂ ಡಬ್ಬಿ ವಾಪಸ್ ತಂದುಕೊಟ್ಟರು. ಒಳಗೆ ಮೂರು ಪೊಟ್ಟಣ ಉಳಿದಿದ್ದವು. ಎರಡು, ಕರೆಂಟ್ ಹೋದ ವಾರದ್ದು. ಇನ್ನೊಂದು ಏಪ್ರಿಲ್ ತಿಂಗಳದ್ದು. ಯಾಕೆ ಹಾಕಲಿಲ್ಲ ಅಂತ ಕೇಳಿದೆ. 'ಆವತ್ತು ನೀರು ಸ್ವಲ್ಪ ವಾಸನೆ ಅನಿಸ್ತು ಸರ್. ಅನುಮಾನ ಬಂದ್ರೆ ಹಾಕಬೇಡಿ ಅಂತ ನೀವೇ ಬರೆದಿದ್ರಲ್ಲ' ಅಂದರು.